ಮಲಾಡಿನ ಹತ್ತಡಿ ಹಾಲ್‌ಗೆ ಎಷ್ಟು ಇಂಚಿನ ಟಿವಿ?

ಮುಂಬಯಿಯ ಮಲಾಡಿನಲ್ಲಿ ಎವರ್‌ಶೈನ್ ನಗರವಾಗಲಿ ಕುರಾರ್ ಆಗಲಿ, ವನ್ ಬಿಎಚ್‌ಕೆ ಮನೆಯ ಹಾಲ್ ಎಂದರೆ ಅಗಲ ಹೆಚ್ಚೆಂದರೆ ಹತ್ತಡಿಯ ಆಸುಪಾಸು. ಕೊಳೆಗೇರಿ ಪುನರ್ವಸತಿ ಕಟ್ಟಡಗಳಲ್ಲಂತೂ ಇಡೀ ಮನೆಯೇ ಮೊದಲು 225 ಚದರಡಿ ಇತ್ತು, ಆಮೇಲೆ 269 ಆಯಿತು, ಈಗ 300. ಹೀಗಾಗಿ ‘ಸಣ್ಣ ಮನೆಗೆ ಸಣ್ಣ ಟಿವಿ ಸಾಕು’ ಎನ್ನುವ ಮಾತು ರೂಢಿಯಾಗಿಬಿಟ್ಟಿದೆ. ಈ ಮಾತು ಡಬ್ಬದಂಥ ಹಳೆಯ ಟಿವಿಯ ಕಾಲದ್ದು. ಆಗ 21 ಇಂಚಿನ ಟಿವಿಯೇ ಗೋಡೆಯಿಂದ ಒಂದೂವರೆ ಅಡಿ ಮುಂದೆ ಚಾಚಿಕೊಳ್ಳುತ್ತಿತ್ತು. ಗೋಡೆಗೆ ಅಂಟಿ ಕೂರುವ ಇಂದಿನ ಟಿವಿಗೆ ಮನೆಯ ವಿಸ್ತೀರ್ಣ ಮುಖ್ಯವೇ ಅಲ್ಲ. ಕಣ್ಣಿನಿಂದ ಪರದೆಗೆ ಎಷ್ಟು ದೂರ, ಬರುವ ಚಿತ್ರ ಎಷ್ಟು ಸ್ಪಷ್ಟ, ಈ ಎರಡನ್ನು ನೋಡಿ ಟಿವಿ ಆರಿಸಬೇಕು.

ಮೊದಲು ದೂರ. ಹತ್ತಡಿಯ ಹಾಲ್‌ನಲ್ಲಿ ಸೋಫಾವನ್ನು ಗೋಡೆಗೆ ಒತ್ತಿ ಇಟ್ಟರೂ ಕೂತವರ ಕಣ್ಣು ಗೋಡೆಯಿಂದ ಒಂದೂವರೆ ಅಡಿ ಮುಂದಿರುತ್ತದೆ. ಎದುರಿನ ಟಿವಿ ಮೂರ್ನಾಲ್ಕು ಇಂಚು ತಿನ್ನುತ್ತದೆ. ಉಳಿಯುವುದು ಎಂಟಡಿ. ಪರದೆಯ ಅಗಲ ನಮ್ಮ ನೋಟದಲ್ಲಿ ಸುಮಾರು 30 ಡಿಗ್ರಿ ತುಂಬಿದರೆ ಹಿತ ಎಂಬ ಲೆಕ್ಕ ಬಹುಕಾಲದಿಂದ ಬಳಕೆಯಲ್ಲಿದೆ. ಅದರ ಪ್ರಕಾರ ಪರದೆಯ ಕರ್ಣದ 1.6 ಪಟ್ಟು ದೂರದಲ್ಲಿ ಕೂರಬೇಕು: 43 ಇಂಚಿಗೆ ಆರಡಿಗೂ ತುಸು ಕಡಿಮೆ, 55 ಇಂಚಿಗೆ ಏಳೂವರೆ ಅಡಿ, 65 ಇಂಚಿಗೆ ಹತ್ತಿರಹತ್ತಿರ ಒಂಬತ್ತಡಿ. ಅಂದರೆ ಮಲಾಡಿನ ‘ಸಣ್ಣ’ ಹಾಲ್‌ಗೆ 55 ಇಂಚು ಸರಿಹೊಂದುತ್ತದೆ. ಕೊಳ್ಳುವಾಗ ಒಂದು ಎಚ್ಚರ ಬೇಕು. ಡಬ್ಬಿಯ ಮೇಲೆ 138 ಅಥವಾ 139 ಸೆಂ.ಮೀ. ಎಂದಿರುವುದು ಮೂಲೆಯಿಂದ ಮೂಲೆಗೆ ಅಳೆದದ್ದು. ಆ ಪರದೆಯ ಅಗಲ 122 ಸೆಂ.ಮೀ., ಎತ್ತರ 68.

ಇಷ್ಟು ಹತ್ತಿರದಿಂದ ನೋಡಿದರೆ ಕಣ್ಣು ಹಾಳಾಗುವುದಿಲ್ಲವೇ ಎಂದು ಮನೆಯ ಹಿರಿಯರು ಕೇಳುತ್ತಾರೆ. ಈ ಭಯಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು. 1967ರಲ್ಲಿ ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೆಲವು ಕಲರ್ ಟಿವಿಗಳು ಮಿತಿಮೀರಿ ಎಕ್ಸ್-ಕಿರಣ ಸೂಸುತ್ತಿದ್ದುದು ಬಯಲಾಗಿತ್ತು. ಆ ಕಿರಣ ಬರುತ್ತಿದ್ದದ್ದು ಹೆಚ್ಚು ವೋಲ್ಟೇಜಿನ ಬಿಡಿಭಾಗಗಳಿಂದ. ಇಂದಿನ ಚಪ್ಪಟೆ ಟಿವಿಯಲ್ಲಿ ಅಂಥವು ಇಲ್ಲವೇ ಇಲ್ಲ. ಪರದೆಯನ್ನೇ ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಉರಿಯುತ್ತದೆ, ದಣಿಯುತ್ತದೆ ನಿಜ, ಆದರೆ ವಿಶ್ರಾಂತಿ ಕೊಟ್ಟರೆ ಅದು ಹೋಗುತ್ತದೆ. ಮಗು ಪದೇಪದೇ ಟಿವಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರೆ ಗದರಿಸುವ ಬದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ದೂರದ್ದು ಮಂಜಾಗಿ ಕಾಣುವುದರಿಂದಲೇ ಅದು ಹತ್ತಿರ ಹೋಗುತ್ತಿರಬಹುದು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ದೊಡ್ಡ ಟಿವಿಯಲ್ಲಿ ಧಾರಾವಾಹಿ ಮಸುಕಾಗಿ ಕಾಣುತ್ತದೆ. ಹೌದು, ಕಾಣುತ್ತದೆ. ಒಳ್ಳೆಯ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಸಣ್ಣ ವಿವರವನ್ನು ಗುರುತಿಸಬಲ್ಲದು. 55 ಇಂಚಿನ ಪರದೆಯ ಮೇಲೆ ಫುಲ್ ಎಚ್‌ಡಿ ಚಿತ್ರ ಬಂದರೆ ಅದರ ಪಿಕ್ಸೆಲ್‌ಗಳು ಏಳಡಿ ದಾಟಿದ ಮೇಲೆ ಬೇರೆಬೇರೆಯಾಗಿ ಕಾಣುವುದಿಲ್ಲ. ಆದ್ದರಿಂದ ಎಂಟಡಿಯಿಂದ ನೋಡುವವರಿಗೆ 4ಕೆಯ ಹೆಚ್ಚುವರಿ ಪಿಕ್ಸೆಲ್‌ಗಳು ದಕ್ಕುವುದೇ ಕಷ್ಟ. ಆದರೆ ಕೇಬಲ್‌ನ ಎಚ್‌ಡಿ ಅಲ್ಲದ ಚಾನೆಲ್‌ನಲ್ಲಿ ಅಡ್ಡಕ್ಕೆ ಇರುವುದು ಹೆಚ್ಚೆಂದರೆ 720 ಪಿಕ್ಸೆಲ್. ಅದನ್ನೇ 122 ಸೆಂ.ಮೀ. ಅಗಲಕ್ಕೆ ಎಳೆದರೆ ಒಂದೊಂದೂ 1.7 ಮಿ.ಮೀ. ಆಗುತ್ತದೆ. ಈ ಒರಟುತನ ಕಣ್ಣಿಗೆ ಬೀಳದಿರಬೇಕಾದರೆ 19 ಅಡಿ ಹಿಂದೆ ಕೂರಬೇಕು, ಅಂದರೆ ಪಕ್ಕದ ಮನೆಯಲ್ಲಿ. ಹಾಗಾಗಿ ಊರಿನ ಕನ್ನಡ ಧಾರಾವಾಹಿಗಳನ್ನೇ ಎಚ್‌ಡಿ ಇಲ್ಲದ ಪ್ಯಾಕ್‌ನಲ್ಲಿ ನೋಡುವ ಮನೆಗೆ ನಾನು 43 ಇಂಚನ್ನೇ ಹೇಳುತ್ತೇನೆ. ಎಚ್‌ಡಿ ಪ್ಯಾಕ್ ಹಾಕಿಸಿಕೊಂಡವರು, ಕ್ರಿಕೆಟ್ಟನ್ನೂ ಸಿನಿಮಾವನ್ನೂ ಇಂಟರ್‌ನೆಟ್ಟಿನಲ್ಲಿ ನೋಡುವವರು 55ಕ್ಕೆ ಹಿಂಜರಿಯಬೇಕಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿ ತಂದ ಟಿವಿಯನ್ನು ಶೋಕೇಸಿನ ನೆತ್ತಿಯ ಮೇಲೆ ತೂಗುಹಾಕಿದರೆ ಕತ್ತು ನೋಯುತ್ತದೆ. ಸೋಫಾದಲ್ಲಿ ಕೂತವರ ಕಣ್ಣಿನ ಎತ್ತರ ನೆಲದಿಂದ ಸುಮಾರು ಮೂರೂವರೆ ಅಡಿ; ಪರದೆಯ ನಡುಭಾಗ ಅಲ್ಲಿಗೆ ಬರಬೇಕು. 55 ಇಂಚಿನ ಟಿವಿಯಾದರೆ ಅದರ ಕೆಳಅಂಚು ನೆಲದಿಂದ ಎರಡೂಕಾಲು ಅಡಿಯ ಮೇಲಿದ್ದರೆ ಸಾಕು. ಅಡುಗೆಮನೆಯ ಬಾಗಿಲಿನಿಂದ ಓರೆಯಾಗಿ ನೋಡುವವರೂ ಮನೆಯಲ್ಲಿದ್ದರೆ ಅಂಗಡಿಯಲ್ಲಿ ಐಪಿಎಸ್ ಪ್ಯಾನೆಲ್ ಕೇಳಿ. ಇನ್ನೊಂದು ಬಗೆಯಾದ ವಿಎ ಪ್ಯಾನೆಲ್‌ನಲ್ಲಿ ಕಪ್ಪು ಗಾಢವಾಗಿರುತ್ತದೆ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಪೇಲವವಾಗುತ್ತದೆ.