ಚಿತ್ತವಿಕಲತೆ: ಮೊದಲ ಸೂಚನೆಗಳನ್ನು ಗುರುತಿಸುವುದೆಂತು?

ಜ್ವರ ಬಂದವನ ಹಣೆ ಮುಟ್ಟಿದರೆ ಬಿಸಿ ತಿಳಿಯುತ್ತದೆ. ಕಾಮಾಲೆಯಾದವನ ಕಣ್ಣು ಹಳದಿಯಾಗುತ್ತದೆ. ಮನಸ್ಸಿನ ವ್ಯಾಧಿಗೆ ಇಂತಹ ಸ್ಪಷ್ಟ ಗುರುತಿಲ್ಲ. ಅದು ಮನೆಯೊಳಗೆ ಮೆಲ್ಲನೆ ಪ್ರವೇಶಿಸುತ್ತದೆ. ಪ್ರವೇಶಿಸಿದ ಮೇಲೂ ಬಹುಕಾಲ ಸೋಮಾರಿತನ, ಹಠ, ಪ್ರಾಯದ ಸೊಕ್ಕು, ಗ್ರಹಚಾರ ಎಂಬ ಅನ್ಯ ಹೆಸರುಗಳನ್ನು ಹೊತ್ತು ಅಲ್ಲಿಯೇ ಉಳಿದುಬಿಡುತ್ತದೆ. ಕನ್ನಡದಲ್ಲಿ ಚಿತ್ತವಿಕಲತೆ ಎಂದೂ ವೈದ್ಯರ ಭಾಷೆಯಲ್ಲಿ ಸೈಕೋಸಿಸ್ ಎಂದೂ ಕರೆಯಲಾಗುವ ವ್ಯಾಧಿಯ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸತ್ಯ. ಎದುರಿಗಿರುವ ವಾಸ್ತವ ಯಾವುದು, ತನ್ನ ಮನಸ್ಸು ಹೆಣೆದದ್ದು ಯಾವುದು ಎಂಬ ವಿವೇಚನೆ ತಪ್ಪುವುದೇ ಇದರ ಮೂಲಸ್ವರೂಪ.

ಮುಂಬಯಿಯ ಡೊಂಬಿವಲಿಯಂತಹ ಉಪನಗರದಲ್ಲಿ ನೆಲಸಿದ ಒಂದು ಕನ್ನಡ ಕುಟುಂಬವನ್ನು ಊಹಿಸಿಕೊಳ್ಳಬಹುದು. ತಂದೆ ಮೂವತ್ತು ವರ್ಷಗಳ ಹಿಂದೆ ಕುಂದಾಪುರದ ಕಡೆಯಿಂದ ಬಂದು ಹೋಟೆಲಿನ ಗಲ್ಲಾದಲ್ಲಿ ಕುಳಿತವರು. ಈಗ ಒಂದು ಕಾರ್ಖಾನೆಯ ಕ್ಯಾಂಟೀನನ್ನು ಗುತ್ತಿಗೆಗೆ ಹಿಡಿದಿದ್ದಾರೆ. ಮಗನಿಗೆ ಇಪ್ಪತ್ತು ವರ್ಷ, ಬಿ.ಕಾಂ. ಕೊನೆಯ ವರ್ಷ. ಜೂನ್ ತಿಂಗಳಲ್ಲಿ ಅವನ ನಿದ್ದೆ ಕೆಡುತ್ತದೆ. ರಾತ್ರಿಯಿಡೀ ಎಚ್ಚರ, ಹಗಲೆಲ್ಲ ಹಾಸಿಗೆ. ಮೊಬೈಲಿನ ದೋಷವೆಂದು ತಂದೆ ಗದರುತ್ತಾರೆ. ಚೌತಿಯ ಹೊತ್ತಿಗೆ ಮಂಡಳದ ಗೆಳೆಯರು ಕರೆಯಲು ಬಂದರೆ ಅವನು ಬಾಗಿಲು ತೆರೆಯುವುದಿಲ್ಲ. ದೀಪಾವಳಿಯ ಎಣ್ಣೆಸ್ನಾನಕ್ಕೂ ಏಳುವುದಿಲ್ಲ. ಲೋಕಲ್ ಗಾಡಿಯಲ್ಲಿ ಎದುರು ಕುಳಿತವರೆಲ್ಲ ತನ್ನ ವಿಷಯವನ್ನೇ ಮಾತನಾಡುತ್ತಾರೆಂದು ಹೇಳಿ ಕಾಲೇಜು ಬಿಡುತ್ತಾನೆ. ಮೇಲಿನ ಮಹಡಿಯವರು ಯಾವುದೋ ಯಂತ್ರದಿಂದ ತನ್ನ ಯೋಚನೆಗಳನ್ನು ಓದುತ್ತಿದ್ದಾರೆಂದು ಕಿಟಕಿಯ ಗಾಜಿಗೆ ವೃತ್ತಪತ್ರಿಕೆ ಅಂಟಿಸುತ್ತಾನೆ. ತಾಯಿ ಬಡಿಸಿದ ಅನ್ನವನ್ನು ಮೂಸಿ ನೋಡಿ ತಟ್ಟೆ ಸರಿಸುತ್ತಾನೆ.

ಸೋದರಮಾವ ಊರಿನಿಂದ ಫೋನು ಮಾಡಿ, "ಭಾವ, ಎರಡು ತಿಂಗಳು ಅವನನ್ನು ಇಲ್ಲಿಗೆ ಕಳುಹಿಸಿ. ಹವೆ ಬದಲಾದರೆ ಸರಿಹೋಗುತ್ತಾನೆ" ಎನ್ನುತ್ತಾರೆ. ಊರಿನಲ್ಲಿ ಪ್ರಶ್ನೆ ಇಡಿಸಲಾಗುತ್ತದೆ, ನಾಗದೋಷ ಕಾಣುತ್ತದೆ, ಆಶ್ಲೇಷಾ ಬಲಿ ನಡೆಯುತ್ತದೆ. ಯುಗಾದಿಯ ವೇಳೆಗೆ ಹಿರಿಯರೊಬ್ಬರು, ಮದುವೆ ಮಾಡಿಸಿದರೆ ಜವಾಬ್ದಾರಿ ತಾನಾಗಿ ಬರುತ್ತದೆ ಎಂದು ಸೂಚಿಸುತ್ತಾರೆ. ಹತ್ತು ತಿಂಗಳು ಸಂದವು. ಮನೋವೈದ್ಯರೆಂಬ ಶಬ್ದ ಆ ಮನೆಯಲ್ಲಿ ಒಮ್ಮೆಯೂ ಕೇಳಿಬರಲಿಲ್ಲ.

ಈ ಕುಟುಂಬ ಕಲ್ಪಿತವಾದರೂ ಮಹಾನಗರದ ಕನ್ನಡ ಸಂಘಗಳಲ್ಲಿ ಓಡಾಡುವವರಿಗೆ ಇದರ ಯಾವ ಘಟ್ಟವೂ ಅಪರಿಚಿತವೆನಿಸದು. ಪೂಜೆ ಮಾಡಿಸಿದ್ದನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಹರಕೆ ಹೊತ್ತ ದಿನವೇ ವೈದ್ಯರ ಬಳಿಗೂ ಹೋಗಬಹುದಾಗಿತ್ತು ಎಂಬುದಷ್ಟೇ ಕೊರತೆ.

ಆ ಹತ್ತು ತಿಂಗಳುಗಳ ಬೆಲೆಯೇನು? ನಾರ್ವೆ ದೇಶದ ರೋಗಾಲಾಂಡ್ ಪ್ರಾಂತದಲ್ಲಿ ನಡೆದ ಒಂದು ಪ್ರಯತ್ನ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಅಲ್ಲಿ 1997ರಿಂದ ಪತ್ರಿಕೆಗಳಲ್ಲಿ ಜಾಹೀರಾತು ನೀಡಿ, ಶಾಲೆಗಳ ಅಧ್ಯಾಪಕರಿಗೂ ಸಾಮಾನ್ಯ ವೈದ್ಯರಿಗೂ ತಿಳಿವಳಿಕೆ ಕೊಟ್ಟು, ಕರೆದಲ್ಲಿಗೆ ಹೋಗಿ ನೋಡುವ ತಂಡಗಳನ್ನು ನೇಮಿಸಲಾಯಿತು. ಮೊದಲು ಚಿತ್ತವಿಕಲತೆ ತೋರಿದಂದಿನಿಂದ ಚಿಕಿತ್ಸೆ ಆರಂಭವಾಗುವವರೆಗೆ ಸಾಮಾನ್ಯವಾಗಿ 26 ವಾರಗಳು ಕಳೆಯುತ್ತಿದ್ದವು. ಈ ಪ್ರಚಾರದಿಂದ ಅದು ಸುಮಾರು 5 ವಾರಗಳಿಗೆ ಇಳಿಯಿತು. ಇಂತಹ ವ್ಯವಸ್ಥೆಯಿಲ್ಲದ ಪ್ರದೇಶಗಳ ರೋಗಿಗಳೊಡನೆ ಹತ್ತು ವರ್ಷಗಳ ತರುವಾಯ ಹೋಲಿಸಿದಾಗ, ಪೂರ್ಣವಾಗಿ ಚೇತರಿಸಿಕೊಂಡವರು ಇಲ್ಲಿ ಶೇಕಡಾ 31, ಅಲ್ಲಿ ಶೇಕಡಾ 15. ಜಾಹೀರಾತು ನಿಂತ ಮೇಲೆ ವಿಳಂಬ ಮತ್ತೆ ಹೆಚ್ಚಿತೆಂಬುದೂ ದಾಖಲಾಗಿದೆ. ಸಾಲದ ಕಂತು ತಪ್ಪಿದಾಗ ಬಡ್ಡಿಯ ಮೇಲೆ ಬಡ್ಡಿ ಏರುವುದನ್ನು ಬಲ್ಲವರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ. ಭಾರತದ ಸ್ಥಿತಿಯಾದರೋ ಚಿಂತಾಜನಕ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಚಿತ್ತವಿಕಲತೆಯಿಂದ ನರಳುವ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಹಾಗಾದರೆ ಯಾವುದನ್ನು ಸೂಚನೆಯೆಂದು ತಿಳಿಯಬೇಕು? ಪರೀಕ್ಷೆಯ ಮುನ್ನ ನಿದ್ದೆಗೆಡುವ ಹುಡುಗರು ಅಸಂಖ್ಯ. ಒಂಟಿತನ ಬಯಸುವವರೆಲ್ಲ ರೋಗಿಗಳಲ್ಲ. ಒಂದೊಂದು ಲಕ್ಷಣವೂ ಬಿಡಿಯಾಗಿ ಏನನ್ನೂ ಸಿದ್ಧಪಡಿಸದು. ಒಬ್ಬ ವ್ಯಕ್ತಿ ತನ್ನ ಮೊದಲಿನ ರೀತಿಯಿಂದ ದೂರ ಸರಿಯುತ್ತ, ವಾರದಿಂದ ವಾರಕ್ಕೆ ಆ ಅಂತರ ಹೆಚ್ಚುತ್ತ ಹೋದರೆ ಎಚ್ಚರ ವಹಿಸಬೇಕು. ಮೊದಮೊದಲು ನಿದ್ದೆ, ಏಕಾಗ್ರತೆ, ಸ್ನಾನ, ಉಡುಪು, ಗೆಳೆತನ ಇವುಗಳಲ್ಲಿ ಕುಸಿತ ಕಾಣುತ್ತದೆ. ಅನಂತರ ಸಂಶಯ ತಲೆಯೆತ್ತುತ್ತದೆ: ಯಾರೋ ಹಿಂಬಾಲಿಸುತ್ತಿದ್ದಾರೆ, ಊಟದಲ್ಲಿ ಏನೋ ಬೆರೆಸಿದ್ದಾರೆ, ದೂರದರ್ಶನದ ವಾರ್ತೆಯಲ್ಲಿ ತನಗೇ ಗುಪ್ತ ಸಂದೇಶವಿದೆ. ಯಾರೂ ಇಲ್ಲದೆಡೆ ಮಾತು ಕೇಳಿಸತೊಡಗುತ್ತದೆ. ಆ ಧ್ವನಿ ಬೈಯಬಹುದು, ಆಜ್ಞಾಪಿಸಬಹುದು. ಅದಕ್ಕೆ ಉತ್ತರವೆಂಬಂತೆ ತನ್ನಷ್ಟಕ್ಕೆ ನಗುವುದು, ಗೊಣಗುವುದು ಮನೆಯವರ ಕಣ್ಣಿಗೆ ಬೀಳುತ್ತದೆ. ಮಾತಿನ ಎಳೆ ತಪ್ಪಿ, ಒಂದು ವಾಕ್ಯಕ್ಕೂ ಮುಂದಿನದಕ್ಕೂ ಸಂಬಂಧವಿಲ್ಲದಂತಾಗುತ್ತದೆ. ಗಂಡುಮಕ್ಕಳಲ್ಲಿ ಹದಿಹರೆಯದ ಕೊನೆಯಿಂದ ಇಪ್ಪತ್ತೈದರ ಆಸುಪಾಸಿನವರೆಗೆ, ಹೆಣ್ಣುಮಕ್ಕಳಲ್ಲಿ ತುಸು ತಡವಾಗಿ, ಈ ವ್ಯಾಧಿ ಬಹುಮಟ್ಟಿಗೆ ಆರಂಭವಾಗುತ್ತದೆ. ವಿದ್ಯೆ, ನೌಕರಿ, ವಿವಾಹ ಇವೆಲ್ಲ ನಿರ್ಧಾರವಾಗುವ ವಯಸ್ಸೂ ಅದೇ. ಗಾಂಜಾ ಸೇವನೆ ಅಪಾಯವನ್ನು ಹೆಚ್ಚಿಸುತ್ತದೆ. ಹಾಸ್ಟೆಲಿನಲ್ಲಿ ಮಕ್ಕಳನ್ನಿಟ್ಟವರು ಇದನ್ನು ಅರಿತಿರಬೇಕು.

ಎರಡು ಸಂದರ್ಭಗಳಲ್ಲಿ ವಾರಗಟ್ಟಲೆ ಗಮನಿಸುತ್ತ ಕೂರುವಂತಿಲ್ಲ. ಜ್ವರ, ತಲೆನೋವು, ಫಿಟ್ಸ್ ಅಥವಾ ದಿನ-ಸ್ಥಳಗಳ ಪರಿವೆ ತಪ್ಪುವುದರೊಡನೆ ಬುದ್ಧಿಭ್ರಮಣೆ ಒಮ್ಮೆಗೇ ಕಾಣಿಸಿಕೊಂಡರೆ, ಅದು ಮೆದುಳಿನ ಸೋಂಕು ಮೊದಲಾದ ದೈಹಿಕ ರೋಗವಾಗಿರಬಹುದು. ತತ್‌ಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಇನ್ನೊಂದು, ಹಳಬರು ಬಾಣಂತಿ ಸನ್ನಿಯೆಂದು ಕರೆಯುತ್ತಿದ್ದ ಸ್ಥಿತಿ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಸಾಮಾನ್ಯವಾಗಿ ಮೊದಲ ಎರಡು ವಾರಗಳೊಳಗೆ, ತಾಯಿಗೆ ನಿದ್ದೆ ಹಾರಿ, ಮಾತು ಕೆಟ್ಟು, ಮಗುವಿನ ಬಗ್ಗೆ ವಿಪರೀತ ಭಾವನೆಗಳು ಹುಟ್ಟುತ್ತವೆ. ಆಕೆಯನ್ನೂ ಕೂಸನ್ನೂ ಒಂಟಿಯಾಗಿ ಬಿಡದೆ ಅದೇ ದಿನ ಚಿಕಿತ್ಸೆ ಕೊಡಿಸಬೇಕು. ನಿಮ್ಹಾನ್ಸ್‌ನಲ್ಲಿ ಇಂತಹ ತಾಯಿ-ಮಕ್ಕಳನ್ನು ಒಟ್ಟಿಗೆ ಇರಿಸಿಕೊಳ್ಳುವ ವಿಭಾಗ 2009ರಲ್ಲಿ ಆರಂಭವಾಯಿತು.

ಕನ್ನಡಿಗರಿಗೆ ಈ ರೋಗದ ಪರಿಚಯವಿಲ್ಲವೆನ್ನುವಂತಿಲ್ಲ. ತ್ರಿವೇಣಿಯವರ 'ಶರಪಂಜರ' ಕಾದಂಬರಿಯನ್ನು ಓದದಿದ್ದವರು ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅವರ ಕಾವೇರಿಯನ್ನು ಕಂಡಿರುತ್ತಾರೆ. ಬಾಣಂತಿಯಾಗಿ ಚಿತ್ತಸ್ವಾಸ್ಥ್ಯ ಕಳೆದುಕೊಂಡ ಕಾವೇರಿ ಆಸ್ಪತ್ರೆಯಲ್ಲಿ ಗುಣಹೊಂದಿಯೇ ಮನೆಗೆ ಮರಳುತ್ತಾಳೆ. ಅವಳನ್ನು ಮತ್ತೆ ಕೆಡಿಸುವುದು ಮನೆಯವರ ಹಾಗೂ ನೆರೆಯವರ ಸಂಶಯದ ದೃಷ್ಟಿ. ಚಿತ್ರ ನೋಡಿ ಕಣ್ಣೀರು ಹಾಕಿದ ಎಷ್ಟೋ ಮನೆಗಳಲ್ಲಿ, ತಮ್ಮವರಿಗೇ ಅಂತಹ ಕಾಯಿಲೆ ಬಂದಾಗ ಬಾಗಿಲು ಮುಚ್ಚಿಕೊಂಡದ್ದು ವಿಚಿತ್ರವಾದರೂ ನಿಜ. ಪರಊರಿನಲ್ಲಿ ಈ ಸಂಕೋಚ ಇಮ್ಮಡಿಯಾಗುತ್ತದೆ. ಇಲ್ಲಿ ಸುದ್ದಿ ಹಬ್ಬಿದರೆ ಸಂಘದಲ್ಲಿ ಮುಖ ತೋರಿಸುವುದು ಹೇಗೆ, ಅಲ್ಲಿ ಹಬ್ಬಿದರೆ ತಂಗಿಯ ಮದುವೆಯ ಗತಿಯೇನು ಎಂಬ ಎರಡೂ ಕಡೆಯ ಭಯ.

ವೈದ್ಯರಲ್ಲಿಗೆ ಕರೆದೊಯ್ಯುವುದೇ ಮೊದಲ ಕಷ್ಟ. ತನಗೆ ರೋಗವಿದೆಯೆಂಬ ಅರಿವೇ ರೋಗಿಗೆ ಹಲವು ಬಾರಿ ಇರುವುದಿಲ್ಲ. "ನಿನಗೆ ತಲೆ ಕೆಟ್ಟಿದೆ" ಎಂದು ವಾದಕ್ಕಿಳಿದರೆ ಸಂಶಯ ಬಲವಾಗುತ್ತದೆ; ಅವನು ಹೇಳಿದ್ದಕ್ಕೆಲ್ಲ ಹೌದೆಂದರೂ ಭ್ರಮೆ ಬೇರೂರುತ್ತದೆ. "ನಿನಗೆ ಆ ಧ್ವನಿ ಕೇಳಿಸುತ್ತಿರಬಹುದು ಮಗ, ನನಗೆ ಕೇಳಿಸುತ್ತಿಲ್ಲ. ಆದರೆ ನೀನು ನಿದ್ದೆಯಿಲ್ಲದೆ ಸೊರಗಿದ್ದೀಯ, ನಿದ್ದೆಗಾದರೂ ಡಾಕ್ಟರನ್ನು ಕೇಳಿಬರೋಣ" ಎಂದು ತಾಯಿಯಾದವಳು ಹೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು. ತೀರ ಹೆದರಿದವನನ್ನು ಸುತ್ತುಗಟ್ಟಿ ಹಿಡಿಯಬಾರದು. ಸಾಯುವ ಮಾತು ಬಂದರೆ, ಧ್ವನಿಗಳು ಹಿಂಸೆಗೆ ಪ್ರೇರೇಪಿಸಿದರೆ, ಅನ್ನನೀರು ಬಿಟ್ಟರೆ, ಆ ಕ್ಷಣವೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು. ಅಲ್ಲಿಯವರೆಗೆ ಅವನನ್ನು ಒಂಟಿಯಾಗಿ ಬಿಡಬಾರದು.

ಮಹಾನಗರದಲ್ಲಿರುವವರಿಗೆ ಒಂದು ಅನುಕೂಲವಿದೆ, ತಜ್ಞರು ದೂರವಿಲ್ಲ. ಮುಂಬಯಿಯ ಕೆ.ಇ.ಎಂ., ನಾಯರ್, ಸಾಯನ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಪುಣೆಯಲ್ಲಿ ಸಸೂನ್, ಹೈದರಾಬಾದಿನ ಎರ್ರಗಡ್ಡ, ಚೆನ್ನೈನ ಕಿಲ್ಪಾಕ್, ದಿಲ್ಲಿಯ ಇಹಬಾಸ್ ಹೀಗೆ ಪ್ರತಿ ನಗರದಲ್ಲೂ ಸರಕಾರಿ ವ್ಯವಸ್ಥೆಯುಂಟು. ಮಂಗಳೂರಿನಲ್ಲಿ ಜನಿಸಿದ, ಭಾರತದ ಮೊದಲ ಮಹಿಳಾ ಮನೋವೈದ್ಯೆಯೆಂದು ಹೆಸರಾದ ಡಾ. ಶಾರದಾ ಮೆನನ್ ಅವರು 1984ರಲ್ಲಿ ಚೆನ್ನೈನಲ್ಲಿ ಸ್ಥಾಪಿಸಿದ ಸ್ಕಾರ್ಫ್ ಸಂಸ್ಥೆ ಈ ರೋಗಿಗಳಿಗೆಂದೇ ಮೀಸಲಾಗಿದೆ. ದಾರಿ ತೋರದವರು 14416 ಸಂಖ್ಯೆಗೆ ಕರೆ ಮಾಡಬಹುದು. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಎಂಬ ಈ ಉಚಿತ ಸೇವೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿದೆ.

ಭಾಷೆಯ ತೊಡಕು ಸಣ್ಣದಲ್ಲ. ಅಂಗಡಿ-ಕಚೇರಿಗಳಲ್ಲಿ ಮರಾಠಿ, ತಮಿಳು, ಹಿಂದಿಗಳನ್ನು ಸರಾಗವಾಗಿ ಆಡುವವನೂ ಅಂತರಂಗದ ಭಯವನ್ನು ಹೇಳುವಾಗ ತಾಯ್ನುಡಿಗೇ ಮರಳುತ್ತಾನೆ. ಆದುದರಿಂದ ಕನ್ನಡವನ್ನೂ ಸ್ಥಳೀಯ ಭಾಷೆಯನ್ನೂ ಬಲ್ಲ ಮನೆಯವರೊಬ್ಬರು ಜೊತೆಗಿರುವುದು ಲೇಸು. ಯಾವ ತಿಂಗಳಲ್ಲಿ ಏನು ಬದಲಾಯಿತು, ನಿದ್ದೆ ಎಷ್ಟು, ಯಾವ ಮಾತು ಆಡಿದ, ಮನೆತನದಲ್ಲಿ ಯಾರಿಗಾದರೂ ಇಂತಹ ತೊಂದರೆಯಿತ್ತೇ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದೊಯ್ದರೆ, ಜನಜಂಗುಳಿಯ ಹೊರರೋಗಿ ವಿಭಾಗದಲ್ಲಿ ವೈದ್ಯರ ಹತ್ತು ನಿಮಿಷಗಳು ವ್ಯರ್ಥವಾಗವು.

ಇಂದಿನ ಔಷಧಗಳ ಇತಿಹಾಸ 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನ್ ಪ್ರಯೋಗಿಸಿದಲ್ಲಿಂದ ಆರಂಭವಾಗುತ್ತದೆ. ಅದಕ್ಕೂ ಮುನ್ನ, 1931ರಲ್ಲಿಯೇ, ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಸರ್ಪಗಂಧಿಯ ಬೇರು ಉನ್ಮಾದವನ್ನು ಶಮನಗೊಳಿಸುವುದೆಂದು ವರದಿ ಮಾಡಿದ್ದರೆಂಬುದನ್ನು ಸ್ಮರಿಸಬಹುದು. ಈಗಿನ ಗುಳಿಗೆಗಳಿಂದ ಕಳವಳ ಕೆಲವೇ ದಿನಗಳಲ್ಲಿ ತಗ್ಗಿದರೂ ಪೂರ್ಣ ಗುಣ ತಿಳಿಯಲು ನಾಲ್ಕಾರು ವಾರಗಳು ಬೇಕು. ತೂಕ ಹೆಚ್ಚುವುದು, ತೂಕಡಿಕೆ, ಕೈನಡುಕ, ರಕ್ತದಲ್ಲಿ ಸಕ್ಕರೆಯೇರುವುದು ಇವು ಕೆಲವರಲ್ಲಿ ಕಾಣುವ ಅಡ್ಡಪರಿಣಾಮಗಳು. ಇವನ್ನು ವೈದ್ಯರಿಗೆ ತಿಳಿಸಿ ಪ್ರಮಾಣವನ್ನೋ ಔಷಧವನ್ನೋ ಬದಲಿಸಿಕೊಳ್ಳಬೇಕು. ಗುಣವಾಯಿತೆಂದು ಮೂರನೆಯ ತಿಂಗಳಲ್ಲೇ ತಾವಾಗಿ ನಿಲ್ಲಿಸುವವರೇ ಬಹಳ. ರೋಗ ಮರುಕಳಿಸುವುದೂ ಅವರಲ್ಲೇ ಹೆಚ್ಚು. ಮೊದಲ ಬಾರಿಯ ಕಾಯಿಲೆಗೂ ಸಾಮಾನ್ಯವಾಗಿ ಒಂದೆರಡು ವರ್ಷ ಔಷಧ ಮುಂದುವರಿಸಲು ಸೂಚಿಸುತ್ತಾರೆ.

ಔಷಧದಷ್ಟೇ ಮನೆಯವರ ಒತ್ತಾಸೆಯೂ ಮುಖ್ಯ. ಮೊದಲ ಬಾರಿ ಚಿತ್ತವಿಕಲತೆಗೊಳಗಾದ ಚೆನ್ನೈನ ಮತ್ತು ಕೆನಡಾದ ಮಾಂಟ್ರಿಯಲ್‌ನ ರೋಗಿಗಳನ್ನು ಎರಡು ವರ್ಷ ಹೋಲಿಸಿ ನೋಡಿದ ಅಧ್ಯಯನದಲ್ಲಿ, ನಿರುತ್ಸಾಹ, ಭಾವಶೂನ್ಯತೆಗಳಂತಹ ಲಕ್ಷಣಗಳು ಚೆನ್ನೈನವರಲ್ಲಿ ಹೆಚ್ಚು ಸುಧಾರಿಸಿದ್ದವು. ಅಲ್ಲಿ ಕುಟುಂಬದವರು ಚಿಕಿತ್ಸೆಯುದ್ದಕ್ಕೂ ಜೊತೆಗಿದ್ದುದು ಇದಕ್ಕೆ ಒಂದು ಕಾರಣವೆಂದು ಸಂಶೋಧಕರು ಭಾವಿಸಿದ್ದಾರೆ.

ಖರ್ಚಿನ ಮಾತನ್ನೂ ಆಡಬೇಕು. 2017ರ ಮಾನಸಿಕ ಆರೋಗ್ಯ ಕಾಯಿದೆಯು ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆಯ ಸೌಲಭ್ಯ ಕೊಡಬೇಕೆಂದು ವಿಧಿಸಿದೆ. ರೋಗಿಯನ್ನು ಸರಪಳಿಯಲ್ಲಿ ಬಂಧಿಸುವುದನ್ನು ನಿಷೇಧಿಸಿದೆ. ಪಾಲಿಸಿಯ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಮರೆತವರು ಅದನ್ನೊಮ್ಮೆ ತೆಗೆದು ಓದುವುದು ಒಳ್ಳೆಯದು.

ಮೇ ತಿಂಗಳ ರಜೆಯಲ್ಲಿ ಊರಿಗೆ ಹೊರಡುವಾಗ ಗುಳಿಗೆಗಳು ಮುಗಿದುಹೋಗಿ, ಹಳ್ಳಿಯ ಔಷಧದಂಗಡಿಯಲ್ಲಿ ಸಿಗದೆ, ಹದಿನೈದು ದಿನ ತಪ್ಪುವುದು ಸಾಮಾನ್ಯ. ಹೊರಡುವ ವಾರಕ್ಕೆ ಮೊದಲೇ ಒಂದು ತಿಂಗಳ ಔಷಧ ಕೊಂಡಿಟ್ಟು, ವೈದ್ಯರ ಚೀಟಿಯ ನಕಲೊಂದನ್ನು ಬೇರೆ ಚೀಲದಲ್ಲಿ ಇಟ್ಟುಕೊಳ್ಳಬೇಕು. ಊರಿನ ನೆಂಟರಲ್ಲಿ ಒಬ್ಬರಿಗಾದರೂ ವಿಷಯ ತಿಳಿದಿರಲಿ. ಮದುವೆಮನೆಯ ಗದ್ದಲದಲ್ಲಿ ರಾತ್ರಿಯ ಗುಳಿಗೆಯನ್ನು ನೆನಪಿಸುವವರು ಬೇಕಾಗುತ್ತದೆ.