ವಾಯು ಸಂಚಾರ ನಿಯಂತ್ರಣದಲ್ಲಿ ಸಿಬ್ಬಂದಿ ಕೊರತೆ

ವಿಮಾನಗಳ ನಡುವೆ ಸುರಕ್ಷಿತ ಅಂತರವನ್ನು ಕಾಯ್ದುಕೊಳ್ಳಲು ಕರ್ತವ್ಯದಲ್ಲಿರುವ ನಿಯಂತ್ರಕರ ಸಂಖ್ಯೆ ಸಾಲದಿರುವ ಸ್ಥಿತಿಯನ್ನು ವಾಯು ಸಂಚಾರ ನಿಯಂತ್ರಣದಲ್ಲಿ ಸಿಬ್ಬಂದಿ ಕೊರತೆ ಎನ್ನುತ್ತಾರೆ. ಇಂತಹ ಸ್ಥಿತಿಯಲ್ಲಿ ಒಬ್ಬರೇ ಹಲವರ ಕೆಲಸವನ್ನು ನಿಭಾಯಿಸಬೇಕಾಗುತ್ತದೆ.

ಕಾರಣಗಳು

ನಿಯಂತ್ರಕರ ತರಬೇತಿಗೆ ವರ್ಷಗಳೇ ಬೇಕಾಗುವುದರಿಂದ ಕೊರತೆಯನ್ನು ಬೇಗನೆ ತುಂಬಲಾಗದು. 1981ರ ಆಗಸ್ಟ್‌ನಲ್ಲಿ ಅಮೆರಿಕದ ನಿಯಂತ್ರಕರು ವೇತನ ಹೆಚ್ಚಳ ಹಾಗೂ ವಾರಕ್ಕೆ 32 ಗಂಟೆಗಳ ಕೆಲಸಕ್ಕಾಗಿ ಮುಷ್ಕರ ಹೂಡಿದರು. ಅಧ್ಯಕ್ಷ ರೊನಾಲ್ಡ್ ರೇಗನ್ 11,000ಕ್ಕೂ ಹೆಚ್ಚು ಮಂದಿಯನ್ನು ವಜಾಗೊಳಿಸಿದರು. ಆ ಸ್ಥಾನಗಳನ್ನು ತುಂಬಲು ಹಲವು ವರ್ಷಗಳು ಹಿಡಿದವು.

ಯೂಬರ್ಲಿಂಗೆನ್ ದುರಂತ

2002ರ ಜುಲೈ 1ರ ರಾತ್ರಿ ದಕ್ಷಿಣ ಜರ್ಮನಿಯ ಯೂಬರ್ಲಿಂಗೆನ್ ಬಳಿ ಟುಪೊಲೆವ್ ಪ್ರಯಾಣಿಕ ವಿಮಾನವೂ ಬೋಯಿಂಗ್ ಸರಕು ವಿಮಾನವೂ ಆಕಾಶದಲ್ಲಿ ಡಿಕ್ಕಿಯಾಗಿ 71 ಮಂದಿ ಮೃತಪಟ್ಟರು. ಆ ವಾಯುಪ್ರದೇಶದ ನಿಯಂತ್ರಣ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಕೇಂದ್ರದ್ದಾಗಿತ್ತು. ಪಾಳಿಯಲ್ಲಿದ್ದ ಇಬ್ಬರು ನಿಯಂತ್ರಕರಲ್ಲಿ ಒಬ್ಬರು ವಿಶ್ರಾಂತಿಗೆ ತೆರಳಿದ್ದರು; ಇನ್ನೊಬ್ಬರು ಎರಡು ಕಡೆಯ ಪರದೆಗಳನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದರು. ನಿರ್ವಹಣಾ ಕಾರ್ಯಕ್ಕಾಗಿ ಮುಖ್ಯ ದೂರವಾಣಿ ವ್ಯವಸ್ಥೆಯನ್ನೂ ಸ್ಥಗಿತಗೊಳಿಸಲಾಗಿತ್ತು. ಮತ್ತೊಂದು ವಿಮಾನವನ್ನು ಇಳಿಸುವ ಕೆಲಸದಲ್ಲಿ ತೊಡಗಿದ್ದ ಅವರಿಗೆ ಅಪಾಯದ ಅರಿವಾದಾಗ ಒಂದು ನಿಮಿಷವೂ ಉಳಿದಿರಲಿಲ್ಲ. ಅವರು ಟುಪೊಲೆವ್‌ಗೆ ಕೆಳಗಿಳಿಯಲು ಸೂಚಿಸಿದರು. ಆದರೆ ಅದರೊಳಗಿನ ಡಿಕ್ಕಿ ತಡೆ ಸಾಧನವು ಮೇಲೇರಲು ಸೂಚಿಸಿತು. ಟುಪೊಲೆವ್ ಚಾಲಕರು ನಿಯಂತ್ರಕರ ಮಾತನ್ನೂ ಬೋಯಿಂಗ್ ಚಾಲಕರು ತಮ್ಮ ಸಾಧನದ ಸೂಚನೆಯನ್ನೂ ಪಾಲಿಸಿದ್ದರಿಂದ ಎರಡೂ ವಿಮಾನಗಳು ಕೆಳಗಿಳಿದವು.

ರಾತ್ರಿ ವೇಳೆ ಒಬ್ಬರೇ ಕೆಲಸ ಮಾಡುವ ರೂಢಿಯನ್ನು ಆಡಳಿತವರ್ಗವು ವರ್ಷಗಳಿಂದ ಸಹಿಸಿಕೊಂಡು ಬಂದಿತ್ತು ಎಂಬುದನ್ನು 2004ರ ಜರ್ಮನ್ ತನಿಖಾ ವರದಿ ದುರಂತದ ಕಾರಣಗಳಲ್ಲಿ ಒಂದೆಂದು ದಾಖಲಿಸಿತು.