ಪ್ರೊಸೆಸರಿಗೂ ಗೇರ್ ಇದೆ!

ಲ್ಯಾಬಿನಲ್ಲಿ ರಾಸ್ಪ್‌ಬೆರಿ ಪೈ 4 ಬೋರ್ಡ್ ಮೇಲೆ ಕೆಲಸ ಮಾಡುವಾಗ ನಮ್ಮ ಗುಂಪಿಗೆ ಒಂದು ವಿಚಿತ್ರ ಕಂಡಿತು. ಒಂದೇ ಪ್ರೋಗ್ರಾಮನ್ನು ಎರಡು ಸಲ ರನ್ ಮಾಡಿದರೆ ಎರಡು ಬೇರೆ ಬೇರೆ ಟೈಮ್ ಬರುತ್ತಿತ್ತು. ಕೋಡ್ ತಪ್ಪಿರಬೇಕು ಅಂತ ಒಂದು ಗಂಟೆ ತಲೆ ಕೆಡಿಸಿಕೊಂಡೆವು. ಕೊನೆಗೆ ಗೊತ್ತಾಯ್ತು, ಬದಲಾಗುತ್ತಿದ್ದದ್ದು ಪ್ರೊಸೆಸರಿನ ವೇಗ!

ಲಿನಕ್ಸ್ ಕರ್ನಲ್‌ನಲ್ಲಿ ಈ ವೇಗವನ್ನು ನೋಡಿಕೊಳ್ಳುವ ಭಾಗದ ಹೆಸರು ಸಿಪಿಯುಫ್ರೀಕ್. ವೇಗ ಯಾವಾಗ ಏರಬೇಕು, ಯಾವಾಗ ಇಳಿಯಬೇಕು ಅಂತ ನಿರ್ಧರಿಸುವುದು ಗವರ್ನರ್. ಆ ನಿರ್ಧಾರವನ್ನು ಹಾರ್ಡ್‌ವೇರಿಗೆ ಮುಟ್ಟಿಸುವುದು ಡ್ರೈವರ್. ಇವರಿಬ್ಬರ ನಡುವೆ ಇರುವುದೇ ಫ್ರೀಕ್ವೆನ್ಸಿ ಟೇಬಲ್. ಬೈಕಿನಲ್ಲಿ ಎರಡೂವರೆ ಗೇರ್ ಅಂತ ಇಲ್ಲ ಅಲ್ವಾ? ಹಾಗೇ ಇಲ್ಲೂ ಪಟ್ಟಿಯಲ್ಲಿರುವ ವೇಗಗಳು ಮಾತ್ರ ಸಿಗುತ್ತವೆ.

ನಮ್ಮ ಬೋರ್ಡಿನಲ್ಲಿ ಈ ಪಟ್ಟಿಯ ಫೈಲ್ ತೆರೆದಾಗ 600000ರಿಂದ 1500000ರ ತನಕ ಹತ್ತು ಸಂಖ್ಯೆಗಳು ಕಂಡವು. ಕರ್ನಲ್ ಇದನ್ನು ಕಿಲೋಹರ್ಟ್ಸ್‌ನಲ್ಲಿ ಬರೆಯುತ್ತದೆ. ಅಂದರೆ 600 ಮೆಗಾಹರ್ಟ್ಸ್‌ನಿಂದ 1.5 ಗಿಗಾಹರ್ಟ್ಸ್‌ವರೆಗೆ, 100 ಮೆಗಾಹರ್ಟ್ಸ್‌ಗೊಂದು ಮೆಟ್ಟಿಲು.

ಕೋಡಿನಲ್ಲಿ ನೋಡಿದರೆ ಇದೊಂದು ಸ್ಟ್ರಕ್ಚರ್‌ಗಳ ಅರೇ, ಅಷ್ಟೇ. ಪ್ರತಿ ಸಾಲಿನಲ್ಲಿ ಒಂದು ಫ್ರೀಕ್ವೆನ್ಸಿ, ಡ್ರೈವರ್ ತನಗೆ ಬೇಕಾದ್ದನ್ನು ಇಟ್ಟುಕೊಳ್ಳಲು ಒಂದು ಜಾಗ, ಮತ್ತೆ ಫ್ಲ್ಯಾಗ್ಸ್. ಸಿ ಸ್ಟ್ರಿಂಗಿನ ಕೊನೆಯಲ್ಲಿ ನಲ್ ಇರುವ ಹಾಗೆ, ಇಲ್ಲೂ ಕೊನೆಯ ಸಾಲಿನಲ್ಲಿ 'ಪಟ್ಟಿ ಮುಗಿಯಿತು' ಅನ್ನುವ ಗುರುತು ಇರಲೇಬೇಕು. ಅದನ್ನು ಮರೆತರೆ ಲೂಪ್ ಪಟ್ಟಿಯನ್ನು ದಾಟಿ ಯಾವುದೋ ಮೆಮೊರಿಯನ್ನು ಓದಲು ಹೋಗುತ್ತದೆ. ನಮ್ಮ ಪ್ರೋಗ್ರಾಮಿನಲ್ಲಾದರೆ ಒಂದು ಸೆಗ್ಮೆಂಟೇಶನ್ ಫಾಲ್ಟ್ ಬಂದು ಮುಗಿಯುತ್ತದೆ. ಕರ್ನಲ್‌ನಲ್ಲಾದರೆ ಇಡೀ ಸಿಸ್ಟಮ್ಮೇ ಮಲಗಬಹುದು.

ಗವರ್ನರ್ 1.05 ಗಿಗಾಹರ್ಟ್ಸ್ ಕೇಳಿತು ಅಂದುಕೊಳ್ಳಿ. ಪಟ್ಟಿಯಲ್ಲಿ ಅದಿಲ್ಲ. 'ಕೇಳಿದ್ದಕ್ಕಿಂತ ಕಡಿಮೆಯಾಗಬಾರದು' ಅನ್ನುವ ನಿಯಮ ಇದ್ದರೆ 1.1 ಸಿಗುತ್ತದೆ, 'ಹೆಚ್ಚಾಗಬಾರದು' ಅಂತಿದ್ದರೆ 1.0. ಈ ಹುಡುಕಾಟವನ್ನು ಕರ್ನಲ್ಲೇ ಮಾಡಿ, ಡ್ರೈವರಿಗೆ ಸಾಲಿನ ನಂಬರ್ ಮಾತ್ರ ಕೊಡುತ್ತದೆ.

ವೇಗ ಇಳಿಸಿದರೆ ಬ್ಯಾಟರಿ ಉಳಿಯುತ್ತೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಅದು ಅರ್ಧ ಸತ್ಯ. ಸ್ವಿಚಿಂಗ್ ಪವರ್ ವೋಲ್ಟೇಜಿನ ವರ್ಗಕ್ಕೂ ಫ್ರೀಕ್ವೆನ್ಸಿಗೂ ಅನುಪಾತದಲ್ಲಿರುತ್ತದೆ. ಫ್ರೀಕ್ವೆನ್ಸಿ ಅರ್ಧ ಮಾಡಿದರೆ ಪವರ್ ಅರ್ಧ, ಆದರೆ ಕೆಲಸಕ್ಕೆ ದುಪ್ಪಟ್ಟು ಸಮಯ. ಆ ಲೆಕ್ಕದಲ್ಲಿ ಉಳಿತಾಯ ಸೊನ್ನೆ! ಜೊತೆಗೆ ವೋಲ್ಟೇಜನ್ನೂ 1 ವೋಲ್ಟ್‌ನಿಂದ 0.8ಕ್ಕೆ ಇಳಿಸಿದರೆ ಅದೇ ಕೆಲಸಕ್ಕೆ 64% ಎನರ್ಜಿ ಸಾಕು. ಅದಕ್ಕೇ ಎಷ್ಟೋ ಆರ್ಮ್ ಬೋರ್ಡ್‌ಗಳ ಡಿವೈಸ್ ಟ್ರೀಯಲ್ಲಿ ಪ್ರತಿ ಫ್ರೀಕ್ವೆನ್ಸಿಯ ಜೊತೆ ಅದಕ್ಕೆ ಬೇಕಾದ ವೋಲ್ಟೇಜನ್ನೂ ಬರೆದಿರುತ್ತಾರೆ. ಆ ಜೋಡಿಗಳಿಂದ ಕರ್ನಲ್ ತಾನೇ ಟೇಬಲ್ ಕಟ್ಟಿಕೊಳ್ಳುತ್ತದೆ.

ಆದರೆ ಬದಲಿಸುವ ಕ್ರಮ ತಪ್ಪಬಾರದು. ವೇಗ ಏರಿಸುವಾಗ ಮೊದಲು ವೋಲ್ಟೇಜ್, ಆಮೇಲೆ ಫ್ರೀಕ್ವೆನ್ಸಿ. ಇಳಿಸುವಾಗ ಮೊದಲು ಫ್ರೀಕ್ವೆನ್ಸಿ, ಆಮೇಲೆ ವೋಲ್ಟೇಜ್. ಉಲ್ಟಾ ಮಾಡಿದರೆ ಆ ವೇಗಕ್ಕೆ ಸಾಲದಷ್ಟು ವೋಲ್ಟೇಜಿನಲ್ಲಿ ಚಿಪ್ ಓಡುತ್ತದೆ. ಸಿಗ್ನಲ್‌ಗಳು ಸಮಯಕ್ಕೆ ತಲುಪುವುದಿಲ್ಲ. ಹ್ಯಾಂಗ್ ಆದರೆ ಪರವಾಗಿಲ್ಲ, ಗೊತ್ತಾದರೂ ಆಗುತ್ತದೆ. ಸದ್ದಿಲ್ಲದೆ ತಪ್ಪು ಉತ್ತರ ಬಂದರೆ ಹುಡುಕುವುದು ಎಲ್ಲಿ?

ಇನ್ನೊಂದು ಎಚ್ಚರಿಕೆ. ರನ್ ಆಗುವಾಗ ಕಟ್ಟಿದ ಟೇಬಲನ್ನು ಡ್ರೈವರ್ ಹೊರಡುವಾಗ ಫ್ರೀ ಮಾಡಬೇಕು. ಮರೆತರೆ ಮೆಮೊರಿ ಲೀಕ್. ಬೇರೆಯವರು ಬಳಸುತ್ತಿರುವಾಗಲೇ ಫ್ರೀ ಮಾಡಿದರೆ ಇನ್ನೂ ದೊಡ್ಡ ಅನಾಹುತ. ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನಲ್ಲಿ ಫ್ರೀ ಬರೆಯಲು ನಾವು ಮಾಡುವ ಸೋಮಾರಿತನ ಇಲ್ಲಿ ನಡೆಯುವುದಿಲ್ಲ.

ನಿಮ್ಮ ಲಿನಕ್ಸ್ ಲ್ಯಾಪ್‌ಟಾಪಿನಲ್ಲೂ ಹುಡುಕಿ ನೋಡಿ. ಇಂಟೆಲ್ ಪಿ-ಸ್ಟೇಟ್ ಡ್ರೈವರ್ ಇದ್ದರೆ ಈ ಪಟ್ಟಿ ಸಿಗದೇ ಇರಬಹುದು, ಗಾಬರಿ ಬೇಡ. ಅದಕ್ಕೆ ಇಂಥ ಟೇಬಲ್ ಬೇಕಾಗಿಲ್ಲ.

ನಮ್ಮ ಪ್ರೋಗ್ರಾಮಿನ ಕಥೆ ಏನಾಯ್ತು ಅಂತೀರಾ? ಗವರ್ನರನ್ನು 'ಪರ್ಫಾರ್ಮೆನ್ಸ್'ಗೆ ಬದಲಿಸಿ ಮತ್ತೆ ಅಳೆದೆವು. ಎರಡೂ ಸಲ ಹೆಚ್ಚುಕಡಿಮೆ ಒಂದೇ ಟೈಮ್ ಬಂತು. ಮುಂದಿನ ಸಲ ನಿಮ್ಮ ರೀಡಿಂಗ್ ಹೊಂದದಿದ್ದರೆ, ಕೋಡನ್ನು ಬೈಯುವ ಮೊದಲು ಗೇರ್ ಯಾವುದರಲ್ಲಿದೆ ನೋಡಿ.